ಎಮ್ಮೆಯ ಮೇಲಿನ ಹಾಡು, ಕುದುರೆಯ ಮೇಲಿನ ಹಾಡು

ದೀಪಾವಳಿಯ ಬೆನ್ನಿಗೇ ಹೈದರಾಬಾದಿನಲ್ಲಿ ಇನ್ನೊಂದು ಹಬ್ಬ ಬರುತ್ತದೆ. ಇಲ್ಲಿ ನೆಲೆಸಿರುವ ನಿಮ್ಮಲ್ಲಿ ಬಹಳ ಜನ ನೋಡಿಯೇ ಇರುತ್ತೀರಿ, ಸದರ್. ಹಾಲು ಮಾರುವ ಯಾದವ ಕುಟುಂಬಗಳು ತಮ್ಮ ಕೋಣಗಳ ಮೈ ತಿಕ್ಕಿ, ಎಣ್ಣೆ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಕವಡೆ ಸರ, ಹೂವಿನ ಹಾರ ಹಾಕಿ ಮೆರವಣಿಗೆ ತೆಗೆಯುತ್ತವೆ. ನಾರಾಯಣಗುಡದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಎರಡು ವರ್ಷದ ಹಿಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮೆಜಮಾನರು ಆ ಗಲಾಟೆಯಲ್ಲಿ ನಿಂತಿದ್ದಾಗ ಅವರ ಬಾಯಿಂದ ತಾನಾಗಿ ಹೊರಟದ್ದು ಯಾವ ಹಾಡು ಅಂತ ನೀವೇ ಊಹಿಸಬಹುದು. ಕನ್ನಡದವರ ಮುಂದೆ ಎಮ್ಮೆ ಬಂದರೆ ಅಣ್ಣಾವ್ರು ಬರಲೇಬೇಕು!

ಮರುದಿನ ಆಫೀಸಿನ ಕಾಲ್ ಶುರುವಾಗುವ ಮುಂಚೆ ಟೆಕ್ಸಾಸ್‌ನ ಸಹೋದ್ಯೋಗಿಯೊಬ್ಬರಿಗೆ ಸದರ್‌ನ ಫೋಟೋ ತೋರಿಸಿದೆ. ಹಾಗೆಯೇ ಆ ಎಮ್ಮೆ ಹಾಡಿನ ವಿಡಿಯೋವನ್ನೂ ಕಳಿಸಿದೆ. ಅವರು ಒಂದು ನಿಮಿಷ ನೋಡಿ ನಕ್ಕುಬಿಟ್ಟರು. 'ಓ, ನಿಮ್ಮಲ್ಲೂ ಸಿಂಗಿಂಗ್ ಕೌಬಾಯ್ ಇದ್ದಾನೆ! ಪ್ರಾಣಿ ಮಾತ್ರ ಬೇರೆ' ಅಂದರು. ತಮಾಷೆಗೆ ಅಂದ ಮಾತು. ನಾನು ಮಾತ್ರ ಅದನ್ನು ಅಲ್ಲಿಗೇ ಬಿಡಲಿಲ್ಲ. ಹಾಡುವ ದನಗಾಹಿ ಎಂದರೆ ಯಾರು, ಅವನು ಎಲ್ಲಿಂದ ಬಂದ, ನಮ್ಮವನು ಯಾವಾಗ ಬಂದ ಅಂತ ಹುಡುಕುತ್ತಾ ಹೋದೆ. ಈ ಬರಹ ಆ ಹುಡುಕಾಟದ್ದು.

ಮೊದಲು ಅವರ ಕಥೆ. ಅಮೆರಿಕದ ನಿಜವಾದ ಕೌಬಾಯ್‌ಗಳ ಕಾಲ ಬಹಳ ಚಿಕ್ಕದು. ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ, 1860ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಟೆಕ್ಸಾಸ್‌ನ ದನಗಳ ಹಿಂಡನ್ನು ನೂರಾರು ಮೈಲಿ ನಡೆಸಿಕೊಂಡು ಕಾನ್ಸಾಸ್‌ನ ರೈಲು ನಿಲ್ದಾಣಗಳಿಗೆ ಮುಟ್ಟಿಸುವುದು ಅವರ ಕೆಲಸ. ಸಿನಿಮಾದಲ್ಲಿ ಕಾಣುವಂತೆ ಎಲ್ಲರೂ ಬಿಳಿಯರಲ್ಲ, ಅವರಲ್ಲಿ ಕಪ್ಪು ಜನರೂ ಮೆಕ್ಸಿಕೋದವರೂ ಬಹಳ ಮಂದಿ ಇದ್ದರು. ರಾತ್ರಿ ಹೊತ್ತು ದನಗಳು ಬೆದರಿ ಓಡದಿರಲಿ ಎಂದು ಕಾವಲಿನವರು ಹಿಂಡಿನ ಸುತ್ತ ಕುದುರೆಯಲ್ಲಿ ನಿಧಾನವಾಗಿ ಸುತ್ತುತ್ತಾ ಹಾಡುತ್ತಿದ್ದರು. ಕತ್ತಲಲ್ಲಿ ಪರಿಚಿತ ದನಿ ಕೇಳುತ್ತಿದ್ದರೆ ದನ ಸುಮ್ಮನಿರುತ್ತದೆ. ಒಂದು ರೀತಿಯಲ್ಲಿ ಅದು ಜೋಗುಳ. ಗಂಡಸರು ದನಕ್ಕೆ ಹಾಡಿದ ಜೋಗುಳ ಎಂದರೆ ನಮ್ಮ ವೇದಿಕೆಯ ಸದಸ್ಯೆಯರಿಗೆ ಬೇಗ ಅರ್ಥವಾಗುತ್ತದೆ.

1874ರಲ್ಲಿ ಜೋಸೆಫ್ ಗ್ಲಿಡನ್ ಎಂಬವರು ಮುಳ್ಳುತಂತಿಗೆ ಪೇಟೆಂಟ್ ಪಡೆದರು. ಬಯಲಿಗೆಲ್ಲ ಬೇಲಿ ಬಿತ್ತು, ರೈಲು ದಕ್ಷಿಣಕ್ಕೂ ಬಂತು. ದನಗಳನ್ನು ಅಷ್ಟು ದೂರ ನಡೆಸುವ ಅಗತ್ಯವೇ ಉಳಿಯಲಿಲ್ಲ. ಕೆಲಸ ಹೋದ ಮೇಲೆ ಹಾಡುಗಳನ್ನು ಹುಡುಕಿಕೊಂಡು ಹೊರಟವರು ಜಾನ್ ಲೋಮ್ಯಾಕ್ಸ್. ಅವರ ಸಂಗ್ರಹ 1910ರಲ್ಲಿ ಪುಸ್ತಕವಾಗಿ ಬಂತು. ಆ ಹಾಡುಗಳು ಗ್ರಾಮಫೋನು, ರೇಡಿಯೋಗೆ ಬಂದದ್ದು ಆಮೇಲೆ. ಅಂದರೆ ನಾವು ತೆರೆಯ ಮೇಲೆ ಕಂಡ ಹಾಡುವ ಕೌಬಾಯ್ ಹುಟ್ಟಿದ್ದೇ ನಿಜವಾದವನು ಮರೆಯಾದ ಮೇಲೆ. ನನಗೆ ಈ ಇಡೀ ಕಥೆಯಲ್ಲಿ ತಲೆಯಿಂದ ಹೋಗದೆ ಉಳಿದದ್ದು ಇದೇ ವಿಷಯ.

ಆ ಪ್ಲೇಟುಗಳ ಮೊದಲ ದೊಡ್ಡ ಹೆಸರು ಜಿಮ್ಮಿ ರಾಜರ್ಸ್. ಆತ ದನ ಕಾದವನಲ್ಲ, ರೈಲಿನಲ್ಲಿ ಬ್ರೇಕ್‌ಮ್ಯಾನ್ ಆಗಿದ್ದವನು. ಕ್ಷಯ ಹತ್ತಿ ಆ ಕೆಲಸ ಬಿಡಬೇಕಾಯಿತು. 1927ರ ಆಗಸ್ಟ್‌ನಲ್ಲಿ ಟೆನೆಸ್ಸಿಯ ಬ್ರಿಸ್ಟಲ್ ಎಂಬ ಊರಿನಲ್ಲಿ ಅವನ ಮೊದಲ ಧ್ವನಿಮುದ್ರಣವಾಯಿತು. ದನಿಯನ್ನು ಇದ್ದಕ್ಕಿದ್ದಂತೆ ಮುರಿದು ಮೇಲಕ್ಕೆ ಹಾರಿಸುವ ಯೋಡ್ಲಿಂಗ್ ಅವನ ಗುರುತು. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಕೊನೆಯ ಹಾಡುಗಳನ್ನು ಮುದ್ರಿಸುವಾಗ ಹಾಡು ಹಾಡಿಗೆ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಂಡು ಎದ್ದು ಹಾಡಿದನಂತೆ. ಎರಡು ದಿನಕ್ಕೆ ತೀರಿಹೋದ. ಆಗವನಿಗೆ 35 ವರ್ಷ.

ಅವನ ಹಿಂದೆಯೇ ಜೀನ್ ಆಟ್ರಿ ಬಂದ. ಆತ ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸದಲ್ಲಿದ್ದವನು. ಶಿಕಾಗೋ ರೇಡಿಯೋದಿಂದ ಹಾಲಿವುಡ್‌ಗೆ ಹೋಗಿ 1935ರಿಂದ ಹಾಡುವ ಕೌಬಾಯ್ ನಾಯಕನಾಗಿ ಮೆರೆದ. ಆಮೇಲಿನ ರಾಯ್ ರಾಜರ್ಸ್ ಓಹಾಯೋದವನು, ಹುಡುಗನಾಗಿದ್ದಾಗ ಚಪ್ಪಲಿ ಕಾರ್ಖಾನೆಯಲ್ಲಿ ದುಡಿದವನು. ಅವನ ಕುದುರೆ ಟ್ರಿಗರ್‌ಗೆ ಎಷ್ಟು ಹೆಸರೆಂದರೆ, ಸತ್ತ ಮೇಲೆ ಅದರ ಚರ್ಮಕ್ಕೆ ಆಕಾರ ತುಂಬಿಸಿ ನಿಲ್ಲಿಸಿದ್ದರು. 2010ರಲ್ಲಿ ಅದು ಎರಡೂವರೆ ಲಕ್ಷ ಡಾಲರಿಗೂ ಮೇಲಕ್ಕೆ ಹರಾಜಾಯಿತು. ನಮ್ಮ ಅಣ್ಣಾವ್ರು ಕೂತ ಎಮ್ಮೆಯ ಹೆಸರು ಯಾರಿಗಾದರೂ ಗೊತ್ತೇ?

ಇವರ ನಡುವೆ ಒಬ್ಬ ಹೆಣ್ಣುಮಗಳೂ ಇದ್ದಳು, ಪ್ಯಾಟ್ಸಿ ಮೊಂಟಾನಾ. 1908ರಲ್ಲಿ ಅರ್ಕನ್ಸಾಸ್‌ನಲ್ಲಿ ಹುಟ್ಟಿದವಳು, ಹತ್ತು ಗಂಡುಮಕ್ಕಳ ಮನೆಯಲ್ಲಿ ಒಬ್ಬಳೇ ಮಗಳು. 1935ರಲ್ಲಿ ಅವಳೇ ಬರೆದು ಹಾಡಿದ ಪ್ಲೇಟು ಹತ್ತು ಲಕ್ಷ ಮಾರಾಟವಾಯಿತು ಎನ್ನುತ್ತಾರೆ. ಆ ಬಗೆಯ ಸಂಗೀತದಲ್ಲಿ ಹೆಣ್ಣೊಬ್ಬಳು ಈ ಅಂಕಿ ಮುಟ್ಟಿದ್ದು ಅದೇ ಮೊದಲು. ಹಾಡಿನ ಹೆಸರು ಕೌಬಾಯ್‌ನ ಪ್ರೇಯಸಿಯಾಗುವ ಆಸೆಯದು. ಕೇಳಿದರೆ ಗೊತ್ತಾಗುತ್ತದೆ, ಅವಳಿಗೆ ಹುಡುಗನಿಗಿಂತ ಬಯಲು, ಕುದುರೆ, ರಾತ್ರಿಯ ಆಕಾಶದ ಮೇಲೇ ಹೆಚ್ಚು ಮನಸ್ಸು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಹಕಾರರು ಕೀನ್ಯಾದ ಕಿಪ್ಸಿಗಿಸ್ ಎಂಬ ದನಗಾಹಿ ಸಮುದಾಯದ ಹಾಡುಗಳನ್ನು ಮುದ್ರಿಸಿಕೊಂಡರು. ಅಲ್ಲಿನ ಹುಡುಗಿಯರು 'ಚೆಮಿರೋಚಾ' ಎಂಬ ಒಬ್ಬನ ಮೇಲೆ ಹಾಡು ಕಟ್ಟಿದ್ದರು. ಚೆಮಿರೋಚಾ ಎಂದರೆ ಬೇರೆ ಯಾರೂ ಅಲ್ಲ, ಜಿಮ್ಮಿ ರಾಜರ್ಸ್. ಗ್ರಾಮಫೋನಿನಲ್ಲಿ ಅವನ ದನಿ ಕೇಳಿ, ಮನುಷ್ಯರು ಹೀಗೆ ಹಾಡುವುದುಂಟೇ, ಇವನು ಅರ್ಧ ಮನುಷ್ಯ ಅರ್ಧ ಜಿಂಕೆಯೇ ಇರಬೇಕು ಅಂತ ತೀರ್ಮಾನಿಸಿದ್ದರಂತೆ. ದನ ಕಾಯದ ರೈಲ್ವೆಯವನ ಹಾಡು, ನಿಜವಾಗಿ ದನ ಕಾಯುವ ಮನೆಯ ಹುಡುಗಿಯರ ಬಾಯಲ್ಲಿ ಹೊಸ ಹಾಡಾಯಿತು.

ಇವನ ದನಿ ನಮ್ಮ ಕಡೆಗೂ ಸುತ್ತಿ ಬಳಸಿ ಬಂತು. ಕಿಶೋರ್ ಕುಮಾರ್ ಯೋಡ್ಲಿಂಗ್ ಕಲಿತದ್ದು ಜಿಮ್ಮಿ ರಾಜರ್ಸ್ ಮತ್ತು ಟೆಕ್ಸ್ ಮಾರ್ಟನ್‌ರ ಪ್ಲೇಟು ಕೇಳಿ ಎನ್ನುತ್ತಾರೆ. ಅದೇ ಕಿಶೋರ್ ಕುಮಾರ್ ದ್ವಾರಕೀಶ್ ಅವರ 1972ರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ ರಾಜನ್-ನಾಗೇಂದ್ರ ಅವರ ಸಂಗೀತದಲ್ಲಿ ಕನ್ನಡದಲ್ಲಿ ಹಾಡಿದರು. ಅದು ಇರಲಿ. ನಮ್ಮವನನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ನಾವೆಲ್ಲ ಶಾಲೆಯಲ್ಲಿ ಅವನನ್ನು ಬಾಯಿಪಾಠ ಮಾಡಿದ್ದೇವೆ. ಕಾಳಿಂಗನೆಂಬ ಗೊಲ್ಲ!

'ಗೋವಿನ ಹಾಡು' ಬರೆದವರು ಯಾರೆಂದು ಹೆಸರಿಲ್ಲ. ಅದರ ಆರಂಭ ನೆನಪಿಸಿಕೊಳ್ಳಿ. ನದಿಯಲ್ಲಿ ಸ್ನಾನ ಮುಗಿಸಿದ ಗೊಲ್ಲ ಮಾವಿನ ಮರದ ಕೆಳಗೆ ಕೊಳಲು ಹಿಡಿದು ಕೂತು ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುತ್ತಾನೆ. ಇದಕ್ಕಿಂತ ಚೆನ್ನಾದ ಸಿಂಗಿಂಗ್ ಕೌಬಾಯ್ ಬೇಕೇ? ಮಗಳಿಗೆ ಕಲಿಸಲು ಮತ್ತೆ ಓದಿದಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ಆ ಮೊದಲ ದೃಶ್ಯ ಮುಗಿದ ಮೇಲೆ ಗೊಲ್ಲ ಹಿಂದೆ ಸರಿಯುತ್ತಾನೆ. ಉಳಿದ ಹಾಡೆಲ್ಲ ತಾಯಿಯದು. ಹುಲಿಯೆದುರು ಮಾತಾಡುವವಳು ಅವಳು, ಕರುವಿಗೆ ಬುದ್ಧಿ ಹೇಳುವವಳು ಅವಳು, ಅದನ್ನು ಉಳಿದ ಹಸುಗಳ ಕೈಗೆ ಒಪ್ಪಿಸುವವಳೂ ಅವಳೇ. ಕೊನೆಯಲ್ಲಿ ಪುಣ್ಯಕೋಟಿ ಗೊಲ್ಲನಿಗೆ ಹೇಳಬೇಕಾದ್ದನ್ನು ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುತ್ತಾನೆ. ಹಾಡಿನ ಆರಂಭದಲ್ಲಿ ಕರೆದವನು ಅವನು, ಕೊನೆಗೆ ಮಾತು ಇವಳದು.

ಎಸ್.ಎಲ್. ಭೈರಪ್ಪನವರು ಈ ಹಾಡಿನ ಎಳೆ ಹಿಡಿದೇ 'ತಬ್ಬಲಿಯು ನೀನಾದೆ ಮಗನೆ' ಕಾದಂಬರಿ ಬರೆದದ್ದು (1968). ಅದರಲ್ಲಿ ಕಾಳಿಂಗನ ವಂಶದ ಹುಡುಗ ಅಮೆರಿಕಕ್ಕೆ ಓದಲು ಹೋಗಿ ಅಲ್ಲಿನ ಹೆಂಡತಿಯೊಂದಿಗೆ ಊರಿಗೆ ಮರಳುತ್ತಾನೆ. ದನ ಎಂದರೆ ತಾಯಿ ಎನ್ನುವ ಮನೆಗೂ ದನ ಎಂದರೆ ಕಸುಬು ಎನ್ನುವ ದೇಶಕ್ಕೂ ಮುಖಾಮುಖಿ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು 1977ರಲ್ಲಿ ಅದನ್ನು ಸಿನಿಮಾ ಮಾಡಿದರು, ಹಿಂದಿಯಲ್ಲಿ ಅದು 'ಗೋಧೂಳಿ'. ಕೌಬಾಯ್‌ಗೂ ಗೊಲ್ಲನಿಗೂ ಹೋಲಿಕೆ ಮಾಡಿದವರಲ್ಲಿ ನಾನೇ ಮೊದಲಿಗಳೇನೂ ಅಲ್ಲ ಅಂತ ಇದರಿಂದ ಸಮಾಧಾನವಾಯಿತು.

ಪುಸ್ತಕದ ಗೊಲ್ಲ ಇವನಾದರೆ ಬಯಲಿನ ಗೊಲ್ಲ ಜುಂಜಪ್ಪ. ಚಿತ್ರದುರ್ಗ, ತುಮಕೂರು ಕಡೆಯ ಕಾಡುಗೊಲ್ಲರ ವೀರ, ಅವರ ದೇವರು. ಅವನ ಕೈಯಲ್ಲಿ ಕತ್ತಿಗಿಂತ ಗಣೆಯೇ ಮುಖ್ಯ. ಗಣೆ ಎಂದರೆ ಬಿದಿರಿನ ಉದ್ದನೆಯ ಊದುವ ವಾದ್ಯ, ನಮ್ಮ ಕೊಳಲಿಗಿಂತ ಎಷ್ಟೋ ಉದ್ದ. ಇಂದಿಗೂ ಜುಂಜಪ್ಪನ ಕಥೆ ಹಾಡುವವರು ಪದದ ನಡುವೆ ಗಣೆ ಊದುತ್ತಾರೆ. ದನ ಕಾದವನು, ಗಣೆ ಊದಿದವನು, ಸೋದರಮಾವಂದಿರ ಹಗೆಗೆ ಸಿಕ್ಕಿ ವಿಷಕ್ಕೆ ಬಲಿಯಾದವನು. ಇಲ್ಲಿ ತೆಲುಗು ಸೀಮೆಯಲ್ಲಿ ಗೊಲ್ಲರು ಹಾಡುವ ಕಾಟಮರಾಜನ ಕಥೆಯೂ ದನದ ಕಥೆಯೇ. ಬರಗಾಲಕ್ಕೆ ಹಿಂಡು ಹೊಡೆದುಕೊಂಡು ನೆಲ್ಲೂರು ಸೀಮೆಗೆ ಹೋದವರಿಗೂ ಅಲ್ಲಿನ ದೊರೆಗೂ 'ಪುಲ್ಲರಿ' ಎಂಬ ಹುಲ್ಲಿನ ಕಂದಾಯದ ಮೇಲೆ ಯುದ್ಧವೇ ಆಗಿಹೋಯಿತು. ಮೇವಿನ ನೆಲ ಯಾರದು ಎನ್ನುವ ಜಗಳವಿಲ್ಲದ ದನಗಾಹಿಯ ಹಾಡು ನನಗೆಲ್ಲೂ ಸಿಗಲಿಲ್ಲ.

ಈ ಪದಗಳನ್ನು ಉಳಿಸಿದವರು ಯಾರು ಎಂದು ಹುಡುಕಿದರೆ ಸಿಗುವ ದೊಡ್ಡ ಹೆಸರು ಒಬ್ಬ ಅಜ್ಜಿಯದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಪದಗಳು ಸಾವಿರಾರು. ಕೃಷ್ಣಮೂರ್ತಿ ಹನೂರರು ವರ್ಷಗಟ್ಟಲೆ ಅವರ ಪದಗಳನ್ನು ಸಂಗ್ರಹಿಸಿ ಪುಸ್ತಕವಾಗಿ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ನಾನು ಎಂ.ಟೆಕ್‌ನಲ್ಲಿ ಡೇಟಾಬೇಸ್ ಓದಿದವಳು. ಒಂದು ಸಾಲು ಬರೆದಿಡದೆ ಸಾವಿರಾರು ಪದ, ಕೇಳಿದ ಹೊತ್ತಿಗೆ ಕೇಳಿದ್ದು ತೆಗೆದು ಕೊಡುವುದು ಎಂದರೆ ಏನು ಎಂಬುದು ನನಗೆ ಕೆಲಸದ ಭಾಷೆಯಲ್ಲೇ ಅರ್ಥವಾಗುತ್ತದೆ.

ಈಗ 1974ಕ್ಕೆ ಬರೋಣ. 'ಸಂಪತ್ತಿಗೆ ಸವಾಲ್' ಪಿ.ಬಿ. ಧುತ್ತರಗಿಯವರ ನಾಟಕ, ಉತ್ತರ ಕರ್ನಾಟಕದ ಕಂಪನಿಗಳ ರಂಗದ ಮೇಲೆ ಹೆಸರು ಮಾಡಿದ್ದು. ಅದನ್ನು ಎ.ವಿ. ಶೇಷಗಿರಿರಾವ್ ಸಿನಿಮಾ ಮಾಡಿದರು. ಎಮ್ಮೆಯ ಮೇಲೆ ಕೂತು, ಅದರ ನಿಶ್ಚಿಂತೆಯನ್ನು ಮೆಚ್ಚಿಕೊಂಡು ಹಾಡುವ 'ಯಾರೇ ಕೂಗಾಡಲಿ' ಹಾಡನ್ನು ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್. ಅಷ್ಟು ಹೊತ್ತಿಗೆ ರಾಜ್‌ಕುಮಾರ್ ನಾಯಕನಾಗಿ ಇಪ್ಪತ್ತು ವರ್ಷ ಆಗಿತ್ತು. ಆ ಇಪ್ಪತ್ತು ವರ್ಷವೂ ತೆರೆಯ ಮೇಲೆ ಅವರ ಹಾಡಿನ ದನಿ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರದು. ಕಾಕಿನಾಡದಲ್ಲಿ ಹುಟ್ಟಿದ ತೆಲುಗಿನವರು ಕನ್ನಡಿಗರ ಮನೆಮನೆಯ ದನಿಯಾಗಿದ್ದರು. ತೆಲುಗು ನಾಡಿನಲ್ಲಿದ್ದು ಕನ್ನಡ ಉಳಿಸಿಕೊಳ್ಳುತ್ತಿರುವ ನಾವು ಅವರನ್ನು ಇನ್ನೂ ಹೆಚ್ಚು ನೆನೆಯಬೇಕು ಅಂತ ನನಗನ್ನಿಸುತ್ತದೆ. ಆ ದಿನ ಶ್ರೀನಿವಾಸ್ ಒದಗಲಿಲ್ಲವಂತೆ, ವೆಂಕಟೇಶ್ ನೀವೇ ಹಾಡಿಬಿಡಿ ಅಂದರಂತೆ. ರಾಜ್ ಅದಕ್ಕೂ ಮೊದಲು ಬಹಳ ಹಿಂದೆ ಅಲ್ಲೊಂದು ಇಲ್ಲೊಂದು ಹಾಡಿದ್ದರು. ಈ ಹಾಡು ಗೆದ್ದ ರೀತಿಯೇ ಬೇರೆ. ಮುಂದೆ ಅವರ ಹಾಡು ಅವರದೇ ದನಿಯಲ್ಲಿ ಬರುವುದು ವಾಡಿಕೆಯಾಯಿತು. 1992ರ 'ಜೀವನ ಚೈತ್ರ'ದ ಹಾಡಿಗೆ ಅತ್ಯುತ್ತಮ ಗಾಯಕ ಎಂದು ರಾಷ್ಟ್ರಪ್ರಶಸ್ತಿಯೂ ಬಂತು.

ಇದರಲ್ಲೊಂದು ವಿಚಿತ್ರವಿದೆ. ಗಾಜನೂರಿನ ಮುತ್ತುರಾಜ ಚಿಕ್ಕಂದಿನಲ್ಲೇ ಗುಬ್ಬಿ ಕಂಪನಿ ಸೇರಿದವರು. ಆ ಕಂಪನಿಗಳಲ್ಲಿ ಹಾಡು ಬಾರದವರಿಗೆ ಪಾತ್ರವೇ ಇಲ್ಲ. 1934ರ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಎಲ್ಲರೂ ತಮ್ಮ ಹಾಡು ತಾವೇ ಹಾಡಿದವರು. ಹಿನ್ನೆಲೆ ಗಾಯನ ಬಂದು ಹಾಡುವ ನಟನ ಬಾಯಿಂದ ಹಾಡನ್ನು ತೆಗೆದುಕೊಂಡಿತು. ಅದನ್ನು ತಿರುಗಿ ತಂದುಕೊಟ್ಟದ್ದು ಒಂದು ಎಮ್ಮೆ. ಗ್ಲಿಡನ್‌ನ ಮುಳ್ಳುತಂತಿಗೆ ಸರಿಯಾಗಿ ನೂರು ವರ್ಷಕ್ಕೆ, ಇದು ಬರೀ ಕಾಕತಾಳೀಯ.

ಚಿತ್ರದ ಬಗ್ಗೆ ಮಹಿಳಾ ವೇದಿಕೆಯಲ್ಲಿ ಬರೆಯುವಾಗ ಒಂದು ಮಾತು ಹೇಳಲೇಬೇಕು. ಅದು ಸೊಕ್ಕಿನ ಹುಡುಗಿಯನ್ನು ಪಳಗಿಸುವ ಕಥೆ. ಮಂಜುಳಾ ಎಷ್ಟು ಚುರುಕಾಗಿ ಮಾಡಿದ್ದಾರೆಂದರೆ, ಪಳಗುವ ಮೊದಲಿನ ದುರ್ಗಿಯೇ ನನಗೆ ಇಷ್ಟ. ಎಮ್ಮೆಗೆ ಸಿಕ್ಕಿದ ನೆಮ್ಮದಿಯ ಹೊಗಳಿಕೆ ಅವಳಿಗೆ ಸಿಗಲಿಲ್ಲ. ಹಾಡು ಈಗಲೂ ಹಾಕಿ ಕುಣಿಯುತ್ತೇನೆ, ಅದು ಬೇರೆ ಮಾತು.

ಹಟ್ಟಿಯ ಪದಗಳಲ್ಲೂ ಇಂಥದೇ ಒಂದು ಮುಳ್ಳಿದೆ. ಸಿರಿಯಜ್ಜಿಯಂಥವರನ್ನು ಕೊಟ್ಟ ಕಾಡುಗೊಲ್ಲರ ಹಟ್ಟಿಗಳಲ್ಲೇ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಉಳಿದುಕೊಂಡಿದೆ. ಸರ್ಕಾರ 'ಕೃಷ್ಣ ಕುಟೀರ' ಎಂಬ ಕಟ್ಟಡಗಳನ್ನು ಕಟ್ಟಿಸಿತು. ಗುಡಿಸಲಿಗಿಂತ ಅದು ಮೇಲು, ಹೊರಗೆ ಇರುವುದು ಮಾತ್ರ ತಪ್ಪಲಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ತಾಯಿಯೊಂದಿಗೆ ಹೊರಗಿದ್ದ ಹಸುಗೂಸು ತೀರಿಕೊಂಡಿತು. ಪತ್ರಿಕೆಯಲ್ಲಿ ಓದಿದ ದಿನ ನನಗೆ ಕೆಲಸ ಮಾಡಲಾಗಲಿಲ್ಲ. ಕರುವಿಗಾಗಿ ಹುಲಿಯಿಂದ ಸಮಯ ಕೇಳಿ ಓಡಿಬಂದ ತಾಯಿಯ ಹಾಡು ನಮ್ಮದು. ಕೂಸಿಗೆ ಒಳಗೆ ಜಾಗ ಕೊಡುವುದು ಕಷ್ಟವಾಯಿತೇ?

ಇನ್ನು ಬೇಲಿಯ ಮಾತು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯ ದನಗಳೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾದವು. ಅವುಗಳಿಗೆಂದು ಬಿಟ್ಟ ಹುಲ್ಲುಗಾವಲುಗಳು ಕಾವಲು. ಆ ಕಾವಲುಗಳಲ್ಲಿ ಸುತ್ತಲಿನ ಹಳ್ಳಿ, ಹಟ್ಟಿಗಳ ದನ ಕುರಿಗಳೂ ಮೇಯುತ್ತಿದ್ದವು. ಸಿರಿಯಜ್ಜಿಯ ತಾಲ್ಲೂಕು ಚಳ್ಳಕೆರೆಯಲ್ಲೇ ಇಂಥ ಕಾವಲಿನ ಸುಮಾರು 10,000 ಎಕರೆಯನ್ನು ಕೆಲವು ವರ್ಷಗಳ ಹಿಂದೆ ರಕ್ಷಣೆ, ಅಣು, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಡಲಾಯಿತು. ಹಳ್ಳಿಯವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. ಗೋಡೆ ಎದ್ದಿತು. ವರವು ಕಾವಲಿನಲ್ಲಿ ಈಗ ಚಾಲಕರಿಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತದೆ. ನಾನು ಆ ಗೋಡೆಯ ಒಳಗಿನ ಜಾತಿಗೆ ಸೇರಿದವಳು, ತಂತ್ರಜ್ಞಾನದ ಅನ್ನ ತಿನ್ನುವವಳು. ಆ ಸಂಶೋಧನೆ ಬೇಡ ಎನ್ನಲು ನನಗೆ ಬಾಯಿಲ್ಲ. ಹೈದರಾಬಾದಿನಿಂದ ಬಳ್ಳಾರಿ ದಾಟಿ ಊರಿಗೆ ಹೋಗುವ ನಮ್ಮ ದಾರಿ ಚಳ್ಳಕೆರೆಯ ಮೇಲೇ. ಆ ಕಡೆ ಬರುವಾಗೆಲ್ಲ ಲೋಮ್ಯಾಕ್ಸ್ ನೆನಪಾಗುತ್ತಾರೆ. ಬೇಲಿ ಬಿದ್ದ ಮೇಲೆ ಹಾಡು ಹುಡುಕಿಕೊಂಡು ಹೊರಟವರು.

ನಮ್ಮಜ್ಜಿಯ ಮನೆ ಹಿರಿಯೂರು ಕಡೆ. ಅವರಿಗೆ ಕೊನೆಯವರೆಗೂ ಒಂದು ಎಮ್ಮೆ ಇತ್ತು. ಹಾಲು ಕರೆಯುವಾಗ ಅಜ್ಜಿ ಅದರ ಹೊಟ್ಟೆಗೆ ಹಣೆ ಒತ್ತಿಕೊಂಡು ಒಂದು ಪದ ಹೇಳಿಕೊಳ್ಳುತ್ತಿದ್ದರು. ಅದಿಲ್ಲದೆ ಎಮ್ಮೆ ಹಾಲು ಇಳಿಸುತ್ತಿರಲಿಲ್ಲ, ಬೇರೆಯವರು ಕೂತರೆ ಒದೆಯುತ್ತಿತ್ತು. 2016ರಲ್ಲಿ ಹೊಸ ಫೋನ್ ತಗೊಂಡು ಊರಿಗೆ ಹೋದಾಗ, 'ಅಜ್ಜಿ, ಆ ಎಮ್ಮೆ ಪದ ಒಂದ್ಸಲ ಹೇಳು, ರೆಕಾರ್ಡ್ ಮಾಡ್ಕೋತೀನಿ' ಅಂದೆ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ನಕ್ಕರು. 'ಎಮ್ಮೆ ಮುಂದಿಲ್ದೆ ಪದ ಎಲ್ಲಿಂದ ಬರ್ತೈತೆ ಮಗಾ? ಬೆಳಗ್ಗೆ ಬಾ, ಕರೆಯೋವಾಗ ಹೇಳ್ತೀನಿ' ಅಂದರು. ಬೆಳಗ್ಗೆ ಐದಕ್ಕೆ ನಮ್ಮ ಕಾರು ಹೊರಡಬೇಕಿತ್ತು, ಸೋಮವಾರ ಆಫೀಸು. ಅಜ್ಜಿ ಮರುವರ್ಷ ಹೋದರು, ಎಮ್ಮೆಯನ್ನು ಮಾರಿದರು.

ಅಮ್ಮನಿಗೆ ಅದರ ರಾಗ ನೆನಪಿದೆ, ಮಾತು ಎರಡೇ ಸಾಲು. ಕಳೆದ ತಿಂಗಳು ಅಮ್ಮ ಇಲ್ಲಿಗೆ ಬಂದಿದ್ದಾಗ ಅಷ್ಟನ್ನೇ ಹಾಡಿಸಿ ಮುದ್ರಿಸಿಕೊಂಡೆ. 41 ಸೆಕೆಂಡು ಇದೆ. ಹಿಂದೆ ಕುಕ್ಕರ್ ಕೂಗಿದ್ದೂ ಕೇಳುತ್ತದೆ. ನಿಮ್ಮ ಅಮ್ಮಂದಿರಿಗೆ, ಅತ್ತೆಯವರಿಗೆ ಹಾಲು ಕರೆಯುವ, ಮೊಸರು ಕಡೆಯುವ ಪದ ಗೊತ್ತಿದ್ದರೆ ಫೋನಿನಲ್ಲೇ ಹಾಡಿಸಿ ನಮ್ಮ ವೇದಿಕೆಯ ವಾಟ್ಸಾಪ್ ಗುಂಪಿಗೆ ಕಳಿಸಿ. ಅರ್ಧ ನೆನಪಿದ್ದರೆ ಅರ್ಧವನ್ನೇ ಕಳಿಸಿ. ಊರು ಯಾವುದು, ಎಮ್ಮೆಯೋ ಹಸುವೋ ಅಂತ ಒಂದು ಸಾಲು ಜೊತೆಗಿರಲಿ.